ಬಹುದು

ನಾನು ಕನ್ನಡದವಳೆಂದು ಕರಡು ನನ್ನ ಕೈಗೆ ಬಂತು.
"ನೀವೇ ಒಮ್ಮೆ ಓದಿ ಮೇಡಂ" ಅಂದರು ರುದ್ರಮುನಿ,
ಸಂಘದ ಕಾರ್ಯದರ್ಶಿ, ರಸಾಯನಶಾಸ್ತ್ರ,
ಹದಿನಾರು ವರ್ಷದ ಅತಿಥಿ.

ಎದುರಿಗೆ ಕುಲಸಚಿವರು, ಹಣಕಾಸಿನ ಅಧಿಕಾರಿ,
ಕಾನೂನು ಕೋಶದ ಒಬ್ಬ ಹುಡುಗ;
ನನ್ನ ಬಳಿಯೇ ಓದಿದವನಿರಬೇಕು,
ಕಣ್ಣು ಕೊಡುತ್ತಿರಲಿಲ್ಲ.
"ಮೊದಲು ಅತಿಥಿಗಳಿಗೆ ಟೀ ಕೊಡಿ" ಅಂದರು ಯಾರೋ,
ಹಾಸ್ಯಕ್ಕಲ್ಲ, ಅಭ್ಯಾಸಕ್ಕೆ.
ಮುಬೀನಾ ನಕ್ಕಳು. ಆಮೇಲೆ ಎಲ್ಲರೂ.

ಅವಳ ಕೊರಳಿಗೆ ಎರಡು ಕಾಲೇಜಿನ ಎರಡು ದಾರ:
ಬೆಳಿಗ್ಗೆ ಯಲಹಂಕ, ಮಧ್ಯಾಹ್ನ ಬನಶಂಕರಿ,
ನಡುವೆ ಮೆಜೆಸ್ಟಿಕ್ಕಿನ ಕಂಬಕ್ಕೊರಗಿ
ನಿಂತೇ ಮುಗಿಸುವ ಚಿತ್ರಾನ್ನ.

ಫ್ರೀಡಂ ಪಾರ್ಕಿನಲ್ಲಿ ಅದು ಹತ್ತೊಂಬತ್ತನೆಯ ದಿನ.
ಹಳೆಯ ಜೈಲಿನ ಕಾವಲುಗೋಪುರದ ನೆರಳು
ಶಾಮಿಯಾನದ ಮೇಲೆ ಗಡಿಯಾರದ ಮುಳ್ಳಂತೆ ಜರುಗುತ್ತಿತ್ತು.
ಮೌಲ್ಯಮಾಪನ ನಿಲ್ಲಿಸಿ ಎಂದಿತ್ತು ಸಂಘ.
ಆದರೂ ಫಿಲೋಮಿನಾ ಸೆರಗಿನ ಮರೆಯಲ್ಲಿ
ಒಂದೊಂದೇ ಉತ್ತರಪತ್ರಿಕೆ ತಿದ್ದುತ್ತಿದ್ದಳು, ಕಳ್ಳಿಯ ಹಾಗೆ.
ಕಂಡೂ ಕಾಣದಂತೆ ಘೋಷಣೆ ಕೂಗಿದೆವು.

"ಹತ್ತು ತಿಂಗಳನ್ನು ಹನ್ನೊಂದು ಮಾಡೋಣ" ಅಂದರು ಹಣಕಾಸು.
"ಹನ್ನೆರಡನೆಯದು ಎಲ್ಲಿ ಹೋಗುತ್ತೆ ಸಾರ್?
ಭೂಮಿ ಒಂದು ತಿಂಗಳು ನಿಂತಿರುತ್ತಾ?"
ಮುಬೀನಾಳದು ಭೌತಶಾಸ್ತ್ರ.

ನಾನು ನಾಲ್ಕನೆಯ ಕಲಮಿಗೆ ಬಂದಿದ್ದೆ.
*ಕಾರ್ಯಭಾರ ಲಭ್ಯವಿದ್ದಲ್ಲಿ ಮುಂದುವರಿಸಬಹುದು.*
ಬೆರಳು ಅಲ್ಲೇ ನಿಂತಿತು.
"ಇದು 'ಮುಂದುವರಿಸತಕ್ಕದ್ದು' ಆಗಬೇಕು."
"ಒಂದು ಪದಕ್ಕೆ ಇಷ್ಟೊಂದಾ ಮೇಡಂ?"
"ಪೂರಾ ಪದವೂ ಅಲ್ಲ ಸಾರ್, ಪದದ ಬಾಲ."

ಹದಿನಾಲ್ಕು ವರ್ಷ ಆ ಬಾಲ ಹಿಡಿದೇ ಹೊಳೆ ದಾಟಿದ್ದೇನೆ.
ಬಹುದು ಎಂಬುದನ್ನು ಬ್ಯಾಂಕಿನವನು ಆದಾಯವೆನ್ನಲಿಲ್ಲ.
ಶ್ರೀರಾಮಪುರದ ಮನೆಯೊಡತಿ
ಮುಂಗಡ ಎರಡರಷ್ಟು ಕೇಳಿದಳು.
ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ
ನನ್ನ ಹೆಸರು ಪೆನ್ಸಿಲಿನಲ್ಲಿದೆ;
ಪ್ರತಿ ಏಪ್ರಿಲಿಗೆ ಗುಮಾಸ್ತ ಉಜ್ಜುತ್ತಾನೆ,
ಉಫ್ ಎಂದು ಊದುತ್ತಾನೆ ಪುಡಿ,
ಜುಲೈಗೆ ಮತ್ತೆ ಬರೆಯುತ್ತಾನೆ.
ಕಾಗದ ಅಲ್ಲಿ ತೆಳ್ಳಗಾಗಿದೆ,
ಬೆಳಕಿಗೆ ಹಿಡಿದರೆ ಆಚೆಯ ಕಿಟಕಿ ಕಾಣುತ್ತದೆ.

ಕುಲಸಚಿವರು ಕನ್ನಡಕ ತೆಗೆದು ಒರೆಸಿದರು.
ಕೆಟ್ಟವರಲ್ಲ. ಅವರ ಮಗಳಿಗೂ
ಯಾವುದೋ ಖಾಸಗಿ ಕಾಲೇಜಿನಲ್ಲಿ ಇದೇ ಗತಿಯಂತೆ,
ಟೀ ಕುಡಿಯುವಾಗ ಹೇಳಿದ್ದರು.
"ತಕ್ಕದ್ದು ಅಂತ ಬರೆದರೆ
ನಾಳೆ ನಾನೇ ಕಟಕಟೆಯಲ್ಲಿ ನಿಲ್ಲಬೇಕು, ತಾಯಿ."
ರುದ್ರಮುನಿ ಮೇಜು ತಟ್ಟಲಿಲ್ಲ.
ಮೆಲ್ಲಗೆ ಅಂದರು: "ನಿಲ್ಲಿ ಸಾರ್. ಪಕ್ಕದಲ್ಲಿ ನಾವೂ ಇರುತ್ತೇವೆ."
ಫ್ಯಾನು ತಿರುಗಿತು. ಕಾನೂನಿನ ಹುಡುಗ
ಮೊದಲ ಸಲ ತಲೆಯೆತ್ತಿದ.

ಕೊನೆಗೆ ಕುಲಸಚಿವರೆಂದರು,
"ಸರ್ಕಾರಕ್ಕೆ ಬರೆದು ನೋಡಬಹುದು."
ತಾವೇ ಬಾಯಿ ಕಚ್ಚಿಕೊಂಡರು.
ಯಾರೂ ನಗಲಿಲ್ಲ ಈ ಸಲ.

ಇಪ್ಪತ್ತೆರಡನೆಯ ದಿನ ಧರಣಿಗೆ ಅಲ್ಪವಿರಾಮ.
ಪೂರ್ಣವಿರಾಮವಲ್ಲ ಎಂದು ನಾನೇ ಬರೆದುಕೊಟ್ಟೆ ಕರಪತ್ರಕ್ಕೆ.
ನಾಲ್ಕನೆಯ ಕಲಮು ಬಿಳಿಯಾಗಿಯೇ ಉಳಿದಿದೆ,
ಎರಡೂ ಕಡೆಯವರು ಸಹಿಗೆ ಜಾಗ ಬಿಟ್ಟಿದ್ದಾರೆ.

ಸೋಮವಾರ, ಎರಡನೆಯ ಸೆಮಿಸ್ಟರು, ಕ್ರಿಯಾಪದ.
ನಡೆದೀತೋ ಇಲ್ಲವೋ ಎಂಬ ಸಂದೇಹ ತೋರುವುದು
ಸಂಭಾವನಾರ್ಥಕ, ಎಂದೆ.
ನಮಗೆ ಬರುವುದೂ ಸಂಬಳವಲ್ಲ, ಸಂಭಾವನೆ,
ಅದನ್ನು ಹೇಳಲಿಲ್ಲ.
ಉದಾಹರಣೆ ಕೊಡಿ.

ಹಿಂದಿನ ಬೆಂಚಿನ ಚೌಡೇಶ,
ನಸುಕಿಗೇ ಮಾರ್ಕೆಟ್ಟಿನಲ್ಲಿ ಹೂವಿನ ಮೂಟೆ ಇಳಿಸಿ
ಸೇವಂತಿಗೆ ವಾಸನೆಯಲ್ಲೇ ತೂಕಡಿಸುವವನು,
ಎದ್ದು ನಿಂತ:
"ಮುಂದಿನ ವರ್ಷವೂ ಮೇಡಂ ಬಂದಾರು."

ಸರಿ ಎಂದೆ. ಬೋರ್ಡಿನ ಮೇಲೆ ಬರೆದೆ.
ಪುಸ್ತಕದಲ್ಲಿ ಮುಂದಿನದು ನಿಷೇಧಾರ್ಥಕ.
ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು.

ಹಾಜರಿ ಕೂಗತೊಡಗಿದೆ.